ಭೂಮಿ ಹುಣ್ಣಿಮೆಗೆ ಬಿಡುವ ಗುಲಾಬಿ

ನಮ್ಮ ಅಂಗಳದ ಗುಲಾಬಿ ಗಿಡ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಸಾಕು, ನಾನು ಸೊರಬದಿಂದ ಹಿಡಿದು ರೋಮಿನವರೆಗೆ ಹೇಳುತ್ತೇನೆ. ಕೇಳಿದವರು ನಾನು ಸ್ಪೇನ್ ದಾಟುವಷ್ಟರಲ್ಲಿ ಗಡಿಯಾರ ನೋಡತೊಡಗುತ್ತಾರೆ. ನೋಡಲಿ. ಶಿಕಾರಿಪುರ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಯಾರೋ ಆಕಳಿಸಿದರೆಂದು ಪಾಠ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಊರಿಗೆಲ್ಲ ಒಪ್ಪಿಸಿದ ಈ ಕಥೆಯನ್ನು ನನ್ನ ಅವ್ವನಿಗೆ ಒಪ್ಪಿಸುವುದು ಮಾತ್ರ ಬಹಳ ಕಾಲ ನನ್ನಿಂದ ಆಗಲಿಲ್ಲ. ಈ ಗಿಡ ಅವಳದೇ ಎಂದು ನಾನು, ಅಲ್ಲವೇ ಅಲ್ಲ ಎಂದು ಅವಳು.

ನನ್ನ ತವರು ಸೊರಬದ ಹತ್ತಿರದ ಒಂದು ಹಳ್ಳಿ. ಅಲ್ಲಿ ನಮ್ಮ ಅಂಗಳದ ಮೂಲೆಯಲ್ಲಿ, ಬಚ್ಚಲ ನೀರು ಹರಿದುಹೋಗುವ ಕಡೆ, ಅವ್ವನ ಗುಲಾಬಿ ಗಿಡ ಇತ್ತು. ಹೂವು ದೊಡ್ಡದೇನಲ್ಲ. ತಿಳಿ ಗುಲಾಬಿ ಬಣ್ಣ, ಒತ್ತೊತ್ತಾದ ಎಸಳು, ನಡುವೆ ಸ್ವಲ್ಪ ಕೆದರಿದ ಹಾಗೆ. ಕಾಂಡದ ತುಂಬ ಸಣ್ಣ ಸಣ್ಣ ಮುಳ್ಳು. ಬೆಳಿಗ್ಗೆ ಕಿತ್ತು ಮುಡಿದರೆ ಸಂಜೆಯ ಹೊತ್ತಿಗೆ ಎಸಳೆಲ್ಲ ಉದುರಿ ತೊಟ್ಟು ಮಾತ್ರ ಜಡೆಯಲ್ಲಿ ಉಳಿಯುತ್ತಿತ್ತು. ಪರಿಮಳದ ವಿಷಯ ಬಂದರೆ ಮಾತ್ರ ಅದರ ಮುಂದೆ ಬೇರೆ ಯಾವ ಹೂವೂ ನಿಲ್ಲುತ್ತಿರಲಿಲ್ಲ. ಕೆಲವರು ಪನ್ನೀರು ಗುಲಾಬಿ ಎನ್ನುತ್ತಿದ್ದರು, ಕೆಲವರು ನಾಟಿ ಗುಲಾಬಿ. ಅವ್ವ ಯಾವ ಹೆಸರನ್ನೂ ಹಿಡಿಯದೆ 'ನನ್ನ ಗಿಡ' ಎಂದಷ್ಟೇ ಅನ್ನುತ್ತಿದ್ದಳು.

ಆ ಗಿಡ ವರ್ಷಕ್ಕೆ ಎರಡು ಸಲ ಹೂ ಬಿಡುತ್ತಿತ್ತು. ಯುಗಾದಿಯ ಆಸುಪಾಸಿನಲ್ಲಿ ಒಮ್ಮೆ, ಎಲೆ ಕಾಣದಷ್ಟು. ಮಳೆಗಾಲ ಕಳೆದು ಭೂಮಿ ಹುಣ್ಣಿಮೆ ಬಂದಾಗ ಇನ್ನೊಮ್ಮೆ, ಅಷ್ಟಿಲ್ಲದಿದ್ದರೂ ಬೊಗಸೆ ತುಂಬ. ಭೂಮಿ ಹುಣ್ಣಿಮೆ ಎಂದರೆ ನಮ್ಮ ಸೊರಬದ ಕಡೆ ಭೂಮಿತಾಯಿಗೆ ಸೀಮಂತ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿಕೊಂಡು, ತೆನೆಯನ್ನು ಒಳಗಿಟ್ಟುಕೊಂಡು ನಿಂತಿರುತ್ತದೆ, ಭೂಮಿ ಬಸುರಿ, ಬಸುರಿಗೆ ಬಯಕೆಯ ಊಟ ಆಗಬೇಕು. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಬುತ್ತಿ, ಬೆರಕೆ ಸೊಪ್ಪಿನ ಪಲ್ಯ ತುಂಬಿಕೊಂಡು ಬೆಳಕು ಹರಿಯುವ ಹೊತ್ತಿಗೆ ಗದ್ದೆಗೆ ಹೋಗುತ್ತೇವೆ. ಪೈರಿಗೆ ತಾಳಿ ಕಟ್ಟಿ, ಬಳೆ ಇಟ್ಟು, ಹೂ ಮುಡಿಸುತ್ತೇವೆ. ಊರವರ ಗದ್ದೆಯಲ್ಲಿ ಚೆಂಡುಹೂವು, ಸೇವಂತಿಗೆ. ನಮ್ಮ ಗದ್ದೆಯಲ್ಲಿ ಮಾತ್ರ ಅವ್ವನ ಗುಲಾಬಿ. ಅವ್ವನಿಗೆ ಇದರ ಜಂಬ ಚೆನ್ನಾಗಿಯೇ ಇತ್ತು. ಹಿಂದಿರುಗುವಾಗ ಪಕ್ಕದ ಗದ್ದೆಯ ಬದುವಿನ ಮೇಲೆ ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದಳು.

ಈ ಗಿಡಕ್ಕೆ ಊರೂರಿನಿಂದ ಕಳ್ಳಿಯರು ಬರುತ್ತಿದ್ದರು. ಗುಲಾಬಿ ಕಡ್ಡಿಯನ್ನು ಕೇಳಿ ತಂದರೆ ಬೇರು ಬಿಡುವುದಿಲ್ಲ, ಕದ್ದು ತಂದರೇ ಬಿಡುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ಹಾಗೆಂದು ಬೇಲಿ ಹಾರಿ ಯಾರೂ ಕದಿಯುತ್ತಿರಲಿಲ್ಲ. ಮುಂಗಾರು ಶುರುವಾಯಿತೆಂದರೆ ಒಬ್ಬೊಬ್ಬರೇ ಹೆಂಗಸರು ಮಾತಿಗೆ ಬಂದವರಂತೆ ಬಂದು, ಜಗುಲಿ ಇದ್ದರೂ ಅದನ್ನು ಬಿಟ್ಟು ಗಿಡದ ಪಕ್ಕದ ಕಲ್ಲಿನ ಮೇಲೆ ಕೂರುವರು. ಅವ್ವ ಸ್ವಲ್ಪ ಹೊತ್ತು ಮಾತಾಡಿ, ಮಜ್ಜಿಗೆ ತರುತ್ತೇನೆ ಎಂದು ಒಳಗೆ ಹೋಗುವಳು. ಒಂದು ಲೋಟ ಮಜ್ಜಿಗೆಗೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ತುಸು ಹೆಚ್ಚೇ ಒಳಗಿರುವಳು. ಹೊರಗೆ ಬರುವಾಗ ಕೆಮ್ಮುವಳು. ಬಂದವಳು ಸೆರಗಿನ ಒಳಗೆ ಏನೋ ಮುಚ್ಚಿಕೊಂಡು, ಮುಳ್ಳು ಚುಚ್ಚಿದರೂ ಮುಖ ಬದಲಿಸದೆ ಮಜ್ಜಿಗೆ ಕುಡಿದು ಎದ್ದು ಹೋಗುವಳು. ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರೂ ಆ ಬಗ್ಗೆ ಮಾತೆತ್ತುವಂತಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ನಾನು 'ಅವ್ವಾ, ಅವ್ರು ಕಡ್ಡಿ ಮುರಿದ್ರು' ಎಂದು ಕೂಗಿ ಅವ್ವನಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದೇನೆ.

ನನಗೆ ಮದುವೆಯಾಗಿ ಶಿಕಾರಿಪುರದ ಕಡೆಗೆ ಹೊರಟಾಗ ಅವ್ವ ಒಂದು ಕಡ್ಡಿಯನ್ನು ತಾನೇ ಕತ್ತರಿಸಿ, ತುದಿಗೆ ಸಗಣಿ ಮೆತ್ತಿ, ಒದ್ದೆ ಗೋಣಿಯ ಚೂರಿನಲ್ಲಿ ಸುತ್ತಿ ಕೈಗೆ ಕೊಟ್ಟಳು. ಮಗಳಾದ ನನಗೆ ಕದಿಯುವ ಶಾಸ್ತ್ರ ಏಕೆ ಎಂದು ಅವಳ ಲೆಕ್ಕ. ನಾನೂ ಹೆಮ್ಮೆಯಿಂದಲೇ ತಂದೆ. ಗಂಡನ ಮನೆಯಲ್ಲಿ ಗಿಡ ನೆಟ್ಟ ದಿನವೇ ನನ್ನ ವಾರಗಿತ್ತಿ, ಅಂದರೆ ಭಾವನವರ ಹೆಂಡತಿ, ಇದು ಕೊಟ್ಟ ಕಡ್ಡಿಯೋ ಕದ್ದ ಕಡ್ಡಿಯೋ ಎಂದು ವಿಚಾರಣೆ ಮಾಡಿದಳು. ಕೊಟ್ಟದ್ದು ಎಂದೆ. ಹಾಗಾದರೆ ಬರುವುದಿಲ್ಲ ಎಂದು ತೀರ್ಪು ಕೊಟ್ಟಳು. ಗಿಡ ಬಂತು. ಬಂದು ಯುಗಾದಿಗೆ ಹೂವನ್ನೂ ಬಿಟ್ಟಿತು. ನಾನು ಒಂದು ಹೂ ತೆಗೆದುಕೊಂಡು ಹೋಗಿ ಅವಳ ಜಡೆಗೇ ಸಿಕ್ಕಿಸಿ ಬಂದೆ.

ಆದರೆ ಭೂಮಿ ಹುಣ್ಣಿಮೆಗೆ ಅದು ಹೂ ಬಿಡಲಿಲ್ಲ. ಆ ವರ್ಷವೂ ಇಲ್ಲ, ಮರುವರ್ಷವೂ ಇಲ್ಲ. ಗಂಡನ ಮನೆಯ ಕಡೆ ಅದನ್ನು ಸೀಗಿ ಹುಣ್ಣಿಮೆ ಎನ್ನುತ್ತಾರೆ. ಹೊಲಕ್ಕೆ ಹೋಗಿ ಎಡೆಯ ಅನ್ನವನ್ನು ಸುತ್ತಲೂ ಚರಗ ಚೆಲ್ಲಿ ಉಂಡು ಬರುತ್ತಾರೆ. ಹೂವಿಗೆ ಅಲ್ಲಿ ಅಷ್ಟು ಮಹತ್ವವಿಲ್ಲ. ಹಾಗಾಗಿ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ವಾರಗಿತ್ತಿ ಮಾತ್ರ ಬಿಡಲಿಲ್ಲ. "ಕೊಟ್ಟ ಕಡ್ಡಿ ಐತಿ ಅದು. ಅದಕ್ಕ ಅರ್ಧ ಮನಸ್ಸಿಂದ ಬೆಳದೈತಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು.

ನಮ್ಮದು ಹೊಲದ ಜೊತೆಗೆ ಕುರಿ ಸಾಕುವ ಮನೆ. ಕುರಿಗೆ ಮುಳ್ಳು, ಹೂವು ಎಂಬ ಭೇದವಿಲ್ಲ, ಹಸಿರು ಕಂಡಲ್ಲಿ ಬಾಯಿ. ಅದಕ್ಕೇ ಗಿಡ ನೆಟ್ಟ ಮೊದಲ ವಾರವೇ ನಮ್ಮ ಮನೆಯವರು ಅದರ ಸುತ್ತ ಗೂಟ ಹೊಡೆದು ಎದೆಯೆತ್ತರಕ್ಕೆ ತಂತಿ ಬಲೆ ಕಟ್ಟಿದರು. ಬಲೆ ತುಕ್ಕು ಹಿಡಿದಾಗಲೆಲ್ಲ ಹೊಸದು ಬಂತು. ಊರಿನ ಹೆಂಗಸರಿಗೆ ಗಿಡದ ಮೇಲೆ ಕಣ್ಣಿತ್ತು ಎನ್ನುವುದು ನನಗೆ ಗೊತ್ತು. ನಾನು ಜಿಪುಣಿಯಲ್ಲ. ಬೇಕಾದರೆ ಹೇಳಿ, ಕತ್ತರಿ ತಂದು ಕಡ್ಡಿ ಕೊಡುತ್ತೇನೆ ಎಂದು ಎಲ್ಲರಿಗೂ ಬಾಯಿಬಿಟ್ಟು ಹೇಳಿದ್ದೆ. ಇರಲಿ ಬಿಡ್ರಿ ಅಕ್ಕೋರೆ, ಇರಲಿ ಬಿಡ್ರಿ ಎಂದು ನಕ್ಕು ಹೋಗುತ್ತಿದ್ದರು. ಟೀಚರಮ್ಮನ ಕೈಯಿಂದ ಕಡ್ಡಿ ತೆಗೆದುಕೊಂಡು ಹೋಗಿ ಒಣಗಿಸುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು ಅವರ ಎಣಿಕೆ. ಹೀಗೆ ಗಿಡ ಯಾರ ಕೈಗೂ ಸಿಗದೆ ಬಲೆಯ ಮೇಲಕ್ಕೆ ಬೆಳೆದು ಕಟ್ಟಿಗೆಯಂಥ ಕಾಂಡ ಮಾಡಿಕೊಂಡು ನಿಂತಿತು.

ಜಗಳ ಶುರುವಾದದ್ದು ಕೊರೊನಾದ ಎರಡನೇ ವರ್ಷ. ತವರಿನಲ್ಲಿ ನನ್ನ ತಮ್ಮ ಬೋರ್‌ವೆಲ್ ಕೊರೆಸಲು ಲಾರಿ ತರಿಸಿದ. ಆ ರಾಕ್ಷಸ ಗಾತ್ರದ ಲಾರಿ ಹಿಂದಕ್ಕೆ ಬರುವಾಗ ಅಂಗಳದ ಮೂಲೆಯನ್ನೇ ಹತ್ತಿ ಇಳಿಯಿತು. ಅವ್ವನ ಗಿಡ ಬೇರು ಸಮೇತ ನುಚ್ಚುನೂರಾಯಿತು. ಮೇಲೆ ಕೊರೆದ ಕಲ್ಲುಪುಡಿಯ ಕೆಸರು ಒಂದು ಪದರ ಕೂತು, ಬುಡದಿಂದ ಚಿಗುರುವ ಆಸೆಯೂ ಹೋಯಿತು. ನೀರು ಸಿಕ್ಕಿತು ಎಂದು ತಮ್ಮ ಕುಣಿಯುತ್ತಿದ್ದರೆ ಅವ್ವ ಆ ದಿನ ಉಣ್ಣಲಿಲ್ಲವಂತೆ. ಅದಾದ ಸ್ವಲ್ಪ ದಿನಕ್ಕೇ ಅವಳಿಗೆ ಜ್ವರವೂ ಬಂತು. ಮನೆಮಂದಿಗೆಲ್ಲ ಬಂದ ಜ್ವರ ಅದು. ಗಟ್ಟಿ ಜೀವ, ಎಲ್ಲರಿಗಿಂತ ಮೊದಲು ಎದ್ದು ಓಡಾಡಿದಳು.

ನಾನು ದುಃಖಪಡಲಿಲ್ಲ. ಗಿಡ ಹೋದರೇನು, ಅದರ ಮಗಳು ನನ್ನ ಅಂಗಳದಲ್ಲಿದ್ದಾಳಲ್ಲ. ಮುಂದಿನ ಯುಗಾದಿಗೆ ಹೂವನ್ನೂ ಒಂದು ಕಡ್ಡಿಯನ್ನೂ ಹಿಡಿದುಕೊಂಡು ತವರಿಗೆ ಹೋದೆ. ಅವ್ವ ಹೂವನ್ನು ಮೂಗಿಗೆ ಹಿಡಿದಳು. ತಿರುಗಿಸಿ ಮತ್ತೊಮ್ಮೆ ಹಿಡಿದಳು. ಆಮೇಲೆ ಜಗುಲಿಯ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

"ಇದು ನನ್ನ ಗಿಡದ್ದಲ್ಲ ಕಣೆ. ನಂದು ಭೂಮಿ ಹುಣ್ಣಿಮೆಗೆ ಬಿಡ್ತಿತ್ತು. ನಿಂದು ಬಿಡ್ತೈತಾ?"

ಬಿಡುವುದಿಲ್ಲ ಎಂದೆ. ನೀನೇ ಕತ್ತರಿಸಿ ಕೊಟ್ಟದ್ದಲ್ಲವೇ ಎಂದೂ ಕೇಳಿದೆ. ಕೊಟ್ಟದ್ದು ನಿಜ, ಅದು ಸತ್ತು ನೀನು ಬೇರೆ ಯಾವುದೋ ತಂದು ನೆಟ್ಟಿರಬೇಕು, ಅಥವಾ ನಿಮ್ಮ ಕಡೆಯ ಮಣ್ಣಿಗೆ ಅದು ಜಾತಿಗೆಟ್ಟಿರಬೇಕು ಎಂದಳು. ಕಡ್ಡಿಯನ್ನು ಅಂಗಳದಲ್ಲಿ ನೆಡಲು ಬಿಡಲೇ ಇಲ್ಲ. ತನ್ನ ಗಿಡದ ಜಾಗದಲ್ಲಿ ಕಂಡವರ ಗಿಡ ಬರಕೂಡದು. ನನಗೆ ಎಷ್ಟು ಸಿಟ್ಟು ಬಂತೆಂದರೆ ಹೋಳಿಗೆಯನ್ನೂ ಸರಿಯಾಗಿ ತಿನ್ನದೆ ಬಸ್ಸು ಹತ್ತಿದೆ. ನನ್ನ ಇಡೀ ಸಂಸಾರದಲ್ಲಿ ತವರಿನಿಂದ ತಂದು ಹಾಳು ಮಾಡದೆ ಉಳಿಸಿಕೊಂಡದ್ದು ಏನಾದರೂ ಇದ್ದರೆ ಅದು ಆ ಗಿಡ. ಅದನ್ನೇ ಅಲ್ಲ ಎಂದುಬಿಟ್ಟರೆ? ಪ್ರತಿ ಯುಗಾದಿಗೂ ಹೂ ಒಯ್ಯುವುದನ್ನು ನಾನು ಬಿಡಲಿಲ್ಲ, ಅವಳು ಮೂಗಿಗೆ ಹಿಡಿದು ಪಕ್ಕಕ್ಕಿಡುವುದನ್ನೂ ಬಿಡಲಿಲ್ಲ. ಭೂಮಿ ಹುಣ್ಣಿಮೆಯ ಬುಟ್ಟಿಗೆ ಚೆಂಡುಹೂವೇ ಹೋಗತೊಡಗಿತು. ಅಂಗಡಿಯ ಗುಲಾಬಿ ತರುತ್ತೇನೆ ಎಂದ ತಮ್ಮನಿಗೆ, ಬಸುರಿಗೆ ಪ್ಲಾಸ್ಟಿಕ್ಕು ಮುಡಿಸ್ತೀಯಾ ಎಂದು ಕೇಳಿದಳಂತೆ.

ಗಿಡದ ಕುಲ ಸಾಬೀತು ಮಾಡಲು ನಾನು ಅದರ ಚರಿತ್ರೆಗೇ ಕೈ ಹಾಕಿದೆ. ಮೊದಲು ಸಿಕ್ಕವು ಮನೆಯವರ ಚರಿತ್ರೆಗಳು. ನಮ್ಮ ದೊಡ್ಡಪ್ಪನ ಮಗ ಅದು ಕೆಳದಿ ಅರಮನೆಯ ತೋಟದ್ದು ಎಂದು ಬಲ್ಲವನಂತೆ ಹೇಳಿದ. ಸಾಕ್ಷಿ ಏನು ಎಂದರೆ, ಅಷ್ಟು ಚೆಂದದ ಹೂವು ಇನ್ನೆಲ್ಲಿಂದ ಬರಬೇಕು ಎಂದ. ಗಂಡನ ಮನೆಯ ಕಡೆಯವರು ಹಾಳುಬಿದ್ದ ದೇಗುಲಗಳ ಊರಾದ ಬಂದಳಿಕೆಯ ಕಾಲದ್ದು ಎಂದರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಳಿಕೆಗೆ ಎಷ್ಟೋ ಸಲ ಹೋದವಳು ನಾನು. ಅಲ್ಲಿನ ಕಂಬಗಳ ಮೇಲೆ ಕಮಲ ಇದೆ, ಬಳ್ಳಿ ಇದೆ, ನನ್ನ ಕಣ್ಣಿಗೆ ಒಂದೂ ಗುಲಾಬಿ ಬಿದ್ದಿಲ್ಲ. ಬ್ರಿಟಿಷರು ತಂದಿರಬಹುದೇ ಎಂದು ನನ್ನ ಜೊತೆ ಕೆಲಸ ಮಾಡಿದ ಈಸೂರಿನ ಮೇಷ್ಟ್ರನ್ನು ಕೇಳಿದೆ. ಹಾಗಿದ್ದರೆ ನಲವತ್ತೆರಡರ ದಂಗೆಯಲ್ಲೇ ನಮ್ಮೂರವರು ಬ್ರಿಟಿಷರ ಜೊತೆಗೆ ಅದನ್ನೂ ಕಿತ್ತು ಓಡಿಸಿರುತ್ತಿದ್ದರು ಎಂದರು.

ಆಮೇಲೆ ಪುಸ್ತಕ ಹಿಡಿದೆ, ಮಗಳ ಹತ್ತಿರ ಕಲಿತು ಫೋನಿನಲ್ಲೂ ಹುಡುಕಿದೆ. ಸಿಕ್ಕಿದ್ದು ಮನೆಯವರ ಕಥೆಗಳಿಗಿಂತ ದೊಡ್ಡ ಕಥೆ. ಪಶ್ಚಿಮದ ಹಳೆಯ ಗುಲಾಬಿಗಳೆಲ್ಲ ಹೆಚ್ಚುಕಡಿಮೆ ವರ್ಷಕ್ಕೆ ಒಮ್ಮೆ ಮಾತ್ರ ಹೂ ಬಿಡುವಂಥವು. ಅವುಗಳ ನಡುವೆ ಎರಡನೇ ಸಲವೂ ಬಿಡುವ ಒಂದು ಜಾತಿ ಇತ್ತು, ಡಮಾಸ್ಕ್ ಗುಲಾಬಿಯ ಒಂದು ಕವಲು. ಇಂಗ್ಲಿಷರು ಅದನ್ನು ಶರತ್ಕಾಲದ ಡಮಾಸ್ಕ್ ಎಂದರು. ಫ್ರೆಂಚರು ಇನ್ನೂ ಉದಾರಿಗಳು, ನಾಲ್ಕು ಋತುವಿನ ಗುಲಾಬಿ ಎಂದೇ ಹೆಸರಿಟ್ಟರು. ಇಟಲಿಯ ದಕ್ಷಿಣದ ಒಂದು ಊರಿನಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಗುಲಾಬಿ ತೋಟಗಳಿದ್ದವು ಎಂದು ಎರಡು ಸಾವಿರ ವರ್ಷದ ಹಿಂದಿನ ರೋಮನ್ನರೇ ಬರೆದಿಟ್ಟಿದ್ದಾರೆ. ಅದೂ ಇದೂ ಒಂದೇ ಎಂದು ಕೆಲವರು, ಹೇಳಲಾಗದು ಎಂದು ಕೆಲವರು. ನಾನು ಒಂದೇ ಎನ್ನುವವರ ಕಡೆ.

ಧರ್ಮಯುದ್ಧಕ್ಕೆ ಹೋದ ಯಾರೋ ಸರದಾರ ಡಮಾಸ್ಕಸ್ಸಿನಿಂದ ಈ ಗುಲಾಬಿಯನ್ನು ಫ್ರಾನ್ಸಿಗೆ ತಂದ ಎಂಬ ಕಥೆಯೂ ಇದೆ. ಅದು ನಮ್ಮ ದೊಡ್ಡಪ್ಪನ ಮಗನ ಕಥೆಯ ಜಾತಿಗೇ ಸೇರಿದ್ದು. ವಿಜ್ಞಾನಿಗಳು ಅದರ ವಂಶವಾಹಿ ಪರೀಕ್ಷಿಸಿ, ಇದು ಮೂರು ಕಾಡು ಗುಲಾಬಿಗಳ ಬೆರಕೆ, ಅದರಲ್ಲೊಂದು ಮಧ್ಯ ಏಷ್ಯಾದ ಬೆಟ್ಟಗಳದ್ದು ಎಂದು ಹೇಳಿದ್ದಾರೆ. ಆ ಬೆಟ್ಟದ ಗುಲಾಬಿ ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಹೂ ಬಿಡುವ ಗುಣದ್ದು. ಎರಡನೇ ಹೂವಿನ ಗುಟ್ಟು ಅಲ್ಲಿಂದಲೇ ಬಂದಿರಬೇಕು ಎನ್ನುತ್ತಾರೆ. ಅಲ್ಲಿಂದ ಪರ್ಷಿಯಾ, ಅರಬರ ನಾಡು, ಪನ್ನೀರು ಬಟ್ಟಿ ಇಳಿಸುವ ಊರುಗಳು. ಸ್ಪೇನಿನ ಪಾದ್ರಿಗಳು ಅದನ್ನು ಹಡಗಿನಲ್ಲಿ ಅಮೆರಿಕಕ್ಕೂ ಒಯ್ದರು. ಹಿಂದೂ ಮಹಾಸಾಗರದ ಒಂದು ದ್ವೀಪದಲ್ಲಿ ರೈತರು ಬೇಲಿಗೆಂದು ಇದನ್ನೂ ಚೀನಾದ ಗುಲಾಬಿಯನ್ನೂ ಜೊತೆಯಾಗಿ ನೆಟ್ಟರು. ಎರಡೂ ತಾವಾಗಿಯೇ ಕೂಡಿ ಹೊಸ ಜಾತಿಯೇ ಹುಟ್ಟಿತು. ನಮ್ಮಲ್ಲಿಗೆ ಯಾವ ದಾರಿಯಲ್ಲಿ ಬಂತು ಎಂದು ಖಚಿತವಾಗಿ ಹೇಳುವವರು ಸಿಗಲಿಲ್ಲ. ನನ್ನ ಅಭಿಪ್ರಾಯ ನನಗಿದೆ. ಜಮೀನು, ರೈತ, ತಾಲ್ಲೂಕು ಎಂಬ ಮಾತುಗಳು ಪಾರಸಿಯ ಮೂಲಕ ಬಂದ ದಾರಿಯಲ್ಲೇ ಗುಲಾಬಿ ಎಂಬ ಮಾತೂ ಬಂತು, ಅದರ ಹಿಂದೆಯೇ ಗಿಡವೂ ಬಂದಿರಬೇಕು. ಆಮೇಲೆ ಸೆರಗಿನ ಒಳಗೆ ಕೂತು ಊರಿಂದ ಊರಿಗೆ ಹೋಯಿತು.

ಇಷ್ಟನ್ನೂ ಅವ್ವನ ಮುಂದೆ ಕೂತು, ಅರ್ಥವಾಗುವ ಹಾಗೆ, ಒಂದು ಮಧ್ಯಾಹ್ನ ಪೂರ್ತಿ ಹೇಳಿದೆ. ಅವ್ವ ಸೊಪ್ಪು ಸೋಸುತ್ತ ಕೇಳಿದಳು. ರೋಮ್ ಮುಗಿದಾಗ ಹೂಂ ಎಂದಳು, ಸ್ಪೇನ್ ಮುಗಿದಾಗ ಹೂಂ ಎಂದಳು. ಕೊನೆಗೆ, ಅಷ್ಟು ದೂರದ ಊರಲ್ಲೆಲ್ಲ ಎರಡು ಸಲ ಬಿಟ್ಟ ಹೂವು ನಿಮ್ಮನೆಯಲ್ಲಿ ಎಂತಕ್ಕೆ ಬಿಡಲಿಲ್ಲ ಎಂದು ಕೇಳಿ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಮನೆಗೆ ಬಸ್ಸು ಹತ್ತಿದೆ. ಬಂದವಳೇ ಗಿಡಕ್ಕೆ ಕುರಿ ಗೊಬ್ಬರ ಸುರಿದೆ, ನರ್ಸರಿಯವರು ಹೇಳಿದ ಪುಡಿ ಹಾಕಿದೆ, ಕೊಳೆತ ಬಾಳೆಹಣ್ಣಿನ ಸಿಪ್ಪೆಯ ನೀರು ಎರೆದೆ. ಗಿಡ ಎಲೆಯ ಮೇಲೆ ಎಲೆ ಹೊರಡಿಸಿ ಬಲೆಯ ಮೇಲೆ ವಾಲಿಕೊಂಡಿತು. ಸೀಗಿ ಹುಣ್ಣಿಮೆಗೆ ಒಂದು ಮೊಗ್ಗಾದರೂ ಇದ್ದೀತೇ ಎಂದು ಎಲೆ ಸರಿಸಿ ಹುಡುಕುವ ನನ್ನನ್ನು ನೋಡಿ ವಾರಗಿತ್ತಿ ಹಲ್ಲು ಕಿರಿಯುತ್ತಿದ್ದಳು.

ಹೋದ ವರ್ಷ ಮುಂಗಾರಿಗೆ ಮುಂಚೆ ನಮ್ಮ ಕುರಿಗಳು ಒಟ್ಟಿಗೇ ಮರಿ ಹಾಕಿದವು. ಮರಿಗಳನ್ನು ಕೂಡಿಹಾಕಲು ಬೇರೆ ದೊಡ್ಡಿ ಬೇಕಾಯಿತು. ಪೇಟೆಯಿಂದ ಹೊಸ ಬಲೆ ಬರುವ ತನಕ ಎಂದು ನಮ್ಮ ಮನೆಯವರು ಗುಲಾಬಿಯ ಸುತ್ತಲಿದ್ದ ಬಲೆಯನ್ನೇ ಬಿಚ್ಚಿ ಒಯ್ದರು. ಕುರಿಗಳನ್ನು ಅಂಗಳಕ್ಕೆ ಬಿಡುವುದಿಲ್ಲ ಎಂದು ಮಾತು ಕೊಟ್ಟರು, ಮಾತು ಉಳಿಸಿಕೊಂಡರು. ಕುರಿ ಬರಲಿಲ್ಲ. ಬಂದದ್ದು ಊರಿನ ಸ್ವಸಹಾಯ ಸಂಘದ ಹೆಂಗಸರು.

ಆ ಸಲದ ಸಂಘದ ಸಭೆ ನಮ್ಮ ಮನೆಯ ಪಡಸಾಲೆಯಲ್ಲಿತ್ತು. ಮೃಗಶಿರಾ ಮಳೆ, ನಮ್ಮ ಬಾಯಲ್ಲಿ ಮಿರಗದ ಮಳೆ, ಒಂದು ಹದ ಸುರಿದು ಬಿಟ್ಟಿತ್ತು. ಸಭೆ ಮುಗಿಯಿತು, ಟೀ ಕುಡಿದು ಹೋಗಿ ಎಂದೆ. ಯಾವಾಗಲೂ ಗಡಿಬಿಡಿ ಮಾಡುವವರು ಆವತ್ತು ಆಗಲಿ ಅಕ್ಕೋರೆ, ನಿಧಾನಕ್ಕ ಮಾಡ್ರಿ ಎಂದರು. ನಾನು ಶುಂಠಿ ಜಜ್ಜಿ ಟೀ ಕುದಿಸಿ ಲೋಟಗಳಿಗೆ ಸೋಸಿ ತರುವಷ್ಟರಲ್ಲಿ ಎಲ್ಲರೂ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಿದ್ದರು. ಟೀ ಕುಡಿದು, ಚೆನ್ನಾಗಿದೆ ಎಂದು ಹೊಗಳಿ, ಒಬ್ಬರ ಹಿಂದೆ ಒಬ್ಬರು ಹೊರಟರು. ಎಲ್ಲರ ಎಡಗೈಯೂ ಸೆರಗಿನ ಒಳಗೆ. ನಾನು ಗಿಡದ ಕಡೆ ತಿರುಗಿದೆ. ಗಿಡ ಎಲ್ಲಿ? ಮೊಣಕಾಲೆತ್ತರದ ನಾಲ್ಕೈದು ಮೋಟುಗಳು ನಿಂತಿದ್ದವು. ಮೇಲಿನ ಉದ್ದುದ್ದ ಕೊಂಬೆಗಳನ್ನು ಹೊರಲು ಆಗದೆ ಬುಡದಲ್ಲೇ ಬಿಟ್ಟು, ಬೇಕಾದಷ್ಟು ಕಡ್ಡಿ ಮುರಿದುಕೊಂಡು ಹೋಗಿದ್ದರು.

ನಾನು ಆವತ್ತು ಕೂಗಾಡಿದ್ದು ಮೂರು ಮನೆಯಾಚೆಗೂ ಕೇಳಿರಬೇಕು. ಬಲೆ ಬಿಚ್ಚಿದ ಗಂಡನಿಗೆ ಬೈದೆ, ನಗುತ್ತ ನಿಂತ ವಾರಗಿತ್ತಿಗೆ ಬೈದೆ, ಅವಳೂ ಒಂದು ಕಡ್ಡಿ ಮುರಿದಿದ್ದಾಳೆಂದು ಗೊತ್ತಾಗಿ ಇನ್ನೊಮ್ಮೆ ಬೈದೆ. ಒಂದೇ ಮನೆಯ ಮುಂದಿನ ಅಂಗಳದಿಂದ ಹಿತ್ತಿಲಿಗೆ ಕಳ್ಳತನ! ಸಿಟ್ಟು ಇಳಿದ ಮೇಲೆ ಅಳು ಬಂತು. ಅವ್ವನದು ಲಾರಿಗೆ ಹೋಯಿತು, ನನ್ನದು ಟೀಗೆ ಹೋಯಿತು. ಅಳುತ್ತಲೇ ಅವ್ವನಿಗೆ ಫೋನ್ ಮಾಡಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಅವಾಗ ನೀನು ಎಲ್ಲಿದ್ದೆ?"

"ಒಳಗೆ ಟೀ ಮಾಡ್ತಿದ್ದೆ."

"ಸರಿಯಾಯ್ತು ಬಿಡು. ನಾನು ಮಜ್ಜಿಗೆ ತರಾಕೆ ಹೋಗ್ತಿದ್ದೆ. ಮಳೆಗಾಲ ಹಿಡಿದ್ರೆ ನನ್ನ ಗಿಡ ಯಾವತ್ತು ಬೋಳಾಗಿರಲಿಲ್ಲ ಹೇಳು."

ನಿಜ. ಮಿರಗದ ಮಳೆಯಲ್ಲಿ ಅವ್ವನ ಗಿಡ ಮೋಟಾಗಿಯೇ ಇರುತ್ತಿತ್ತು, ನಾವು ಮಕ್ಕಳು ಶಾಲೆಯಿಂದ ಬಂದು ಅದರ ಮೇಲೆ ಒದ್ದೆ ಕೊಡೆ ಒಣಗಲು ಹಾಕುತ್ತಿದ್ದೆವು. ಶ್ರಾವಣದ ಹೊತ್ತಿಗೆ ನನ್ನ ಮೋಟುಗಳಿಂದಲೂ ಕೆಂಪು ಬೆರೆತ ಚಿಗುರು ಬುಗುಬುಗು ಎದ್ದಿತು. ನಾನು ಮತ್ತೆ ಪುಸ್ತಕ ತೆಗೆದೆ. ರೋಮು, ಡಮಾಸ್ಕಸ್ಸು ಎಂದು ಊರು ಸುತ್ತುವಾಗ ನಾನು ಹಾರಿಸಿಕೊಂಡು ಹೋಗಿದ್ದ ಪುಟದಲ್ಲಿ ಅದು ಇತ್ತು. ಈ ಗುಲಾಬಿಯ ಎರಡನೇ ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಮೊದಲ ಹೂವು ಮುಗಿದ ಮೇಲೆ ಹಳೆಯ ಕಡ್ಡಿಗಳನ್ನು ಕತ್ತರಿಸಿ ಸವರಿದರೆ ಬರುತ್ತದೆ, ಸವರದಿದ್ದರೆ ಹಳೆಯ ಕಾಂಡ ಸುಮ್ಮನೆ ನಿಂತಿರುತ್ತದೆ. ಅವ್ವ ಎಂದೂ ಗಿಡ ಸವರಿದವಳಲ್ಲ. ಊರಿನ ಕಳ್ಳಿಯರು ಅವಳ ಪರವಾಗಿ ಸವರುತ್ತಿದ್ದರು. ವಾರಗಿತ್ತಿಗೆ ಇದನ್ನು ವಿವರಿಸಿದೆ. ಕದ್ದರೆ ಹೂ ಬಿಡುತ್ತೆ ಅಂತ ನಾನು 'ಮೊದ್ಲಿಂದಾನೂ' ಹೇಳಿಲ್ಲವೇ ಎಂದಳು. ಅವಳೊಡನೆ ವಾದ ಮಾಡುವುದು ನನಗೆ ಇಷ್ಟವಿಲ್ಲ.

ಭೂಮಿ ಹುಣ್ಣಿಮೆಗೆ ಒಂದು ವಾರ ಇರುವಾಗ ಗಿಡದಲ್ಲಿ ಮೊಗ್ಗು ಎದ್ದವು. ಹಿಂದಿನ ದಿನ, ಅರೆ ಬಿರಿದ ಹೂಗಳನ್ನು ಆರಿಸಿ ಕೊಯ್ದು, ಒದ್ದೆ ಬಟ್ಟೆ ಹಾಸಿದ ಸ್ಟೀಲ್ ಡಬ್ಬಿಯಲ್ಲಿಟ್ಟು ಹೊರಟೆ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ಎಸಳು ಉದುರೀತೆಂದು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದೆ. ಪಕ್ಕದವರು ಪ್ರಸಾದವೇ ಎಂದು ಕೇಳಿದರು. ಹೌದೆಂದೆ. ನನ್ನ ಖುಷಿಯನ್ನು ಹೇಗೆ ಹೇಳಲಿ, ಮದುವೆಗೆ ಹೊರಟಾಗಲೂ ನಾನು ಅಷ್ಟು ಬೀಗಿರಲಿಲ್ಲ. ಅವ್ವನ ಮುಂದೆ ಡಬ್ಬಿ ತೆಗೆದು ಏನು ಹೇಳಬೇಕು, ಅವಳು ಏನು ಹೇಳುತ್ತಾಳೆ, ಅದಕ್ಕೆ ನಾನು ಏನು ಹೇಳುತ್ತೇನೆ ಎಲ್ಲವನ್ನೂ ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡೆ.

ಮನೆ ತಲುಪಿದಾಗ ಅಡುಗೆಯ ಗದ್ದಲ. ಅವ್ವ ಬುಟ್ಟಿಯ ಚಿತ್ತಾರ ಬರೆಯುವುದರಲ್ಲಿ ಮುಳುಗಿದ್ದಳು. ಡಬ್ಬಿಯನ್ನು ತೆರೆಯದೆ ತಣ್ಣಗಿನ ಮೂಲೆಯಲ್ಲಿಟ್ಟೆ. ಗದ್ದೆಯಲ್ಲೇ, ಎಲ್ಲರ ಎದುರಿಗೇ ತೆಗೆಯಬೇಕು ಎನ್ನುವುದು ನನ್ನ ಹಟ. ಬೆಳಗಿನ ಜಾವ ಎಲ್ಲರೂ ಗದ್ದೆಗೆ ಹೋದೆವು. ತಮ್ಮನೂ ಅವನ ಹೆಂಡತಿಯೂ ಬದುವಿನ ಮೇಲೆ ಬುಟ್ಟಿ ಇಳಿಸಿ, ಪೈರಿನ ನಾಲ್ಕು ತೆಂಡೆಗಳನ್ನು ಸೇರಿಸಿ ತಾಳಿ ಕಟ್ಟಿದರು, ಬಳೆ ಇಟ್ಟರು. ಹೂ ಎಂದು ತಮ್ಮ ಚೆಂಡುಹೂವಿಗೆ ಕೈ ಹಾಕಿದಾಗ ನಾನು ತಡೆದು ಡಬ್ಬಿಯ ಮುಚ್ಚಳ ತೆಗೆದೆ. ಒಂದು ಎಸಳೂ ಉದುರಿರಲಿಲ್ಲ. ಪರಿಮಳ ಗಪ್ಪೆಂದು ಎದ್ದಿತು. ತಮ್ಮ ನಿಂತಲ್ಲೇ ನಿಂತ, ಚಿಕ್ಕ ಹುಡುಗನ ಮುಖ ಬಂದಿತ್ತು ಅವನಿಗೆ.

"ನೋಡವ್ವ" ಎಂದೆ. ಸಿದ್ಧಪಡಿಸಿಕೊಂಡಿದ್ದ ಬೇರೆ ಮಾತೆಲ್ಲ ಮರೆತುಹೋಗಿತ್ತು.

ಅವ್ವ ಒಂದು ಹೂವನ್ನು ಎತ್ತಿಕೊಂಡಳು. ತೊಟ್ಟಿನ ಸಣ್ಣ ಮುಳ್ಳನ್ನು ಬೆರಳಿನಿಂದ ಸವರಿದಳು. ಹಿಂದಿನ ಹಸಿರು ಎಸಳುಗಳನ್ನು ಮುಟ್ಟಿದಳು. ಆಮೇಲೆ ಮೂಗಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಂಡಳು. ಒಮ್ಮೆ, ಇನ್ನೊಮ್ಮೆ ಉಸಿರೆಳೆದಳು. ನಾನು ಗೆದ್ದೆ ಎಂದುಕೊಂಡೆ. ಕಣ್ಣು ತೆರೆದಾಗ ಅವಳ ಕಣ್ಣಲ್ಲಿ ನೀರಿತ್ತು, ಅದನ್ನೂ ನಾನು ಸಂತೋಷದ್ದೇ ಎಂದುಕೊಂಡೆ.

"ಭೂಮಿ ಹುಣ್ಣಿಮೆಗೆ ಬಿಟ್ಟೈತೆ ಅಂದ್ಮೇಲೆ ನಂದೇ" ಎಂದಳು ಅವ್ವ. ಹೂವನ್ನು ಕೈಯಲ್ಲಿ ತಿರುಗಿಸುತ್ತ ಮತ್ತೆ ಹೇಳಿದಳು. "ಆ ಜ್ವರ ಬಂದಾಗಿಂದ ನಂಗೆ ಯಾವ ವಾಸನೆನೂ ತಿಳಿಯಂಗಿಲ್ಲ ಕಣೆ. ಹಾಲು ಹೊತ್ತಿದ್ರೂ ತಿಳಿಯಲ್ಲ. ಅದು ಹೋಗ್ಲಿ, ನನ್ನ ಹೂವಾದ್ರೆ ತಿಳಿದೇ ತಿಳೀತೈತೆ ಅಂದ್ಕಂಡಿದ್ದೆ."

ತಮ್ಮನಿಗೂ ಗೊತ್ತಿರಲಿಲ್ಲ, ಅವನ ಹೆಂಡತಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವ್ವ ನನ್ನ ಹೂವನ್ನು ತನ್ನದಲ್ಲ ಎಂದದ್ದು ಹಟಕ್ಕಲ್ಲ. ತನ್ನ ಹೂವು ಎಲ್ಲೋ ಇನ್ನೊಂದಿದೆ, ಅದು ಸಿಕ್ಕಿದ ದಿನ ತನಗೆ ಪರಿಮಳವೂ ಸಿಗುತ್ತದೆ ಎಂದು ಅವಳು ನಂಬಿಕೊಂಡಿದ್ದಳು. ನಾನು ಡಬ್ಬಿಯಲ್ಲಿ ಸಾಕ್ಷಿ ತುಂಬಿಕೊಂಡು ಹೋಗಿ ಆ ನಂಬಿಕೆಯನ್ನು ಗದ್ದೆಯ ಬದುವಿನ ಮೇಲೆ ಮುಗಿಸಿದ್ದೆ.

ಅವ್ವ ಹೂವನ್ನು ನನ್ನ ಕೈಗಿಟ್ಟಳು. "ನೀನು ಮೂಸು. ಮೂಸಿ ಹೆಂಗೈತೆ ಹೇಳು. ಸುಮ್ನೆ ಚೆನ್ನಾಗೈತೆ ಅನ್ಬೇಡ, ಬಿಡಿಸಿ ಹೇಳು."

ನಾನು ಮೂಗಿಗೆ ಹಿಡಿದೆ. ಮೊದಲು ತಣ್ಣಗಿದೆ ಎಂದೆ, ಬೆಳಿಗ್ಗೆ ಬಾವಿಯ ನೀರು ಸೇದುವಾಗ ಮುಖಕ್ಕೆ ತಾಗುವಷ್ಟು ತಂಪು. ಆಮೇಲೆ ಸಿಹಿ, ಎಳೆ ಬೆಲ್ಲದ ಸಿಹಿ, ಅತಿಯಾಗಿಲ್ಲ. ಅದರ ಹಿಂದೆ ಒಂಚೂರು ಲವಂಗದ ಖಾರ. ಎಲೆಯ ಹಸಿ ವಾಸನೆಯೂ ಇದೆ, ಕೊನೆಯಲ್ಲಿ ಬರುತ್ತದೆ. ಮೂಗಿನಿಂದ ದೂರ ಮಾಡಿದ ಮೇಲೂ ಸ್ವಲ್ಪ ಹೊತ್ತು ಗಂಟಲಲ್ಲಿ ಇರುತ್ತದೆ. ನನಗೆ ಅಳು ಬರುತ್ತಿತ್ತು, ಆದರೂ ಒಂದನ್ನೂ ಬಿಡದೆ ಹೇಳಿದೆ.

ಅವ್ವ ಕಣ್ಣು ಮುಚ್ಚಿಕೊಂಡು ಕೇಳಿದಳು. ಲವಂಗ ಎಂದಾಗ ತಲೆಯಾಡಿಸಿದಳು. ಹೂವನ್ನು ನನ್ನಿಂದ ತೆಗೆದುಕೊಂಡು ಬಗ್ಗಿ ಪೈರಿಗೆ ಮುಡಿಸಿದಳು. ನೆಟ್ಟಗೆ ನಿಂತು, ಸೆರಗಿನಿಂದ ಕೈ ಒರೆಸಿಕೊಂಡು, ಡಬ್ಬಿಯಿಂದ ಇನ್ನೊಂದು ಹೂವನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಇನ್ನೊಂದ್ಸಲ ಹೇಳು" ಎಂದಳು.